ಪಾರದರ್ಶಕ ಪದರಗಳ ಕಣ್ಣಾಮುಚ್ಚಾಲೆ: ಗಣಕದ ಲೋಕದಲ್ಲಿ ಕಬ್ಬು ಮಾಯವಾಗುವುದೇಕೆ?

ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಕರೋಶಿಯಂತಹ ಊರೊಂದನ್ನು ಗಣಕಯಂತ್ರದೊಳಗೆ ಮೂರು ಆಯಾಮಗಳಲ್ಲಿ ಕಟ್ಟಲು ಹೊರಟವರಿಗೆ ಮನೆ, ಗುಡಿ, ರಸ್ತೆಗಳು ಅಷ್ಟಾಗಿ ಕಾಡುವುದಿಲ್ಲ. ಗೋಡೆಗೆ ಗೋಡೆ ಜೋಡಿಸಿ, ಮೇಲೆ ಕಲ್ಲಿನದೋ ಸುಣ್ಣದ್ದೋ ಛಾಯಾಚಿತ್ರ ಹೊದಿಸಿದರೆ ಕೆಲಸ ಮುಗಿಯಿತು. ನಿಜವಾದ ತೊಂದರೆ ಆರಂಭವಾಗುವುದು ಊರ ಹೊರಗಿನ ಕಬ್ಬಿನ ಗದ್ದೆಯಲ್ಲಿ. ತೆಳ್ಳನೆಯ ಹಾಳೆಯೊಂದರ ಮೇಲೆ ಕಬ್ಬಿನ ಸೋಗೆಯ ಚಿತ್ರ ಅಂಟಿಸಿ, ಸುತ್ತಲಿನ ಜಾಗವನ್ನು ಪಾರದರ್ಶಕಗೊಳಿಸಿ, ಅಂತಹ ಸಾವಿರಾರು ಹಾಳೆಗಳನ್ನು ಸಾಲಾಗಿ ನಿಲ್ಲಿಸಿ ಮುಂದೆ ಹೆಜ್ಜೆ ಇಟ್ಟ ಕೂಡಲೇ ವಿಚಿತ್ರಗಳು ಕಾಣತೊಡಗುತ್ತವೆ. ಹಿಂದಿನ ಸಾಲಿನ ಕಬ್ಬು ಮುಂದಿನ ಸಾಲಿನ ಮೇಲೆ ಬಂದು ಕೂರುತ್ತದೆ. ನೋಡುವ ಕೋನ ತುಸು ಬದಲಾದರೆ ಮತ್ತೆ ಹಿಂದೆ ಸರಿಯುತ್ತದೆ. ಕೆಲವೊಮ್ಮೆ ಒಂದು ಗಿಡದ ಸುತ್ತ ಚೌಕಾಕಾರದ ಕಿಂಡಿ ತೆರೆದು, ಅದರ ಹಿಂದಿರುವ ಗದ್ದೆ, ಮನೆ ಎಲ್ಲವೂ ಮಾಯವಾಗಿ ಬರಿಯ ಆಕಾಶ ಕಾಣುತ್ತದೆ.

ಇಂತಹ ದೃಶ್ಯ ಕಂಡವರು ಮೊದಲು ಶಂಕಿಸುವುದು ತಮ್ಮ ಯಂತ್ರವನ್ನು. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದು ಕೆಲವರು ಹೊಸದನ್ನು ಕೊಳ್ಳುವುದೂ ಉಂಟು. ಆದರೆ ಎಷ್ಟೇ ದುಬಾರಿಯ ಕಾರ್ಡ್ ಹಾಕಿದರೂ ಈ ದೋಷ ಹೋಗದು. ಇದು ಯಂತ್ರದ ರೋಗವಲ್ಲ, ಮೂರು ಆಯಾಮದ ಚಿತ್ರ ಬಿಡಿಸುವ ಕ್ರಮದಲ್ಲೇ ಅಡಗಿರುವ ತೊಡಕು. ಸ್ವಾರಸ್ಯವೆಂದರೆ, ಈ ತೊಡಕಿಗೆ ಕಾರಣವಾದ ಮೂರೂ ಎಳೆಗಳ ಹಿಂದೆ ಒಬ್ಬನೇ ವಿಜ್ಞಾನಿಯ ಹೆಸರಿದೆ. ಮುಂದೆ ಪಿಕ್ಸಾರ್ ಸಂಸ್ಥೆಯ ಅಧ್ಯಕ್ಷರಾದ ಎಡ್ವಿನ್ ಕ್ಯಾಟ್ಮಲ್ 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿಯೇ ವಸ್ತುವಿಗೆ ಚಿತ್ರ ಹೊದಿಸುವ ಟೆಕ್ಸ್ಚರ್ ವಿಧಾನವೂ, ಯಾವುದು ಮುಂದೆ ಯಾವುದು ಹಿಂದೆ ಎಂದು ನಿರ್ಧರಿಸುವ ಝಡ್-ಬಫರ್ ವಿಧಾನವೂ ಇದ್ದವು. ಅದೇ ದಶಕದ ಕೊನೆಯಲ್ಲಿ ಅವರು ಆಲ್ವಿ ರೇ ಸ್ಮಿತ್ ಅವರೊಡಗೂಡಿ ಚಿತ್ರಕ್ಕೆ ಕೆಂಪು, ಹಸಿರು, ನೀಲಿಗಳ ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಪಾರದರ್ಶಕತೆಯ ಅಂಕಿಯನ್ನು ಸೇರಿಸಿದರು. ಮೂರೂ ಅದ್ಭುತ ಶೋಧಗಳೇ. ಆದರೆ ಎರಡನೆಯದಕ್ಕೂ ಮೂರನೆಯದಕ್ಕೂ ಸುತರಾಂ ಹೊಂದಿಕೆಯಿಲ್ಲ.

ಝಡ್-ಬಫರ್ ಎಂದರೆ ಪರದೆಯ ಪ್ರತಿಯೊಂದು ಪಿಕ್ಸೆಲ್‌ಗೂ ಇಟ್ಟಿರುವ ಆಳದ ಪಟ್ಟಿ. ಒಂದು ಪಿಕ್ಸೆಲ್‌ನಲ್ಲಿ 10 ಮೀಟರ್ ದೂರದ ಗೋಡೆ ಬಿದ್ದರೆ ಆ ಪಟ್ಟಿಯಲ್ಲಿ 10 ಎಂದು ದಾಖಲಾಗುತ್ತದೆ. ಅದೇ ಜಾಗಕ್ಕೆ ಬಳಿಕ 30 ಮೀಟರ್ ದೂರದ ಮರ ಬಂದರೆ ಅದನ್ನು ತಳ್ಳಿಹಾಕಲಾಗುತ್ತದೆ. 5 ಮೀಟರ್ ದೂರದ ಎತ್ತು ಬಂದರೆ ಗೋಡೆಯನ್ನು ಅಳಿಸಿ ಎತ್ತನ್ನು ಬರೆಯಲಾಗುತ್ತದೆ. ಹೀಗಾಗಿ ಯಾವ ವಸ್ತುವನ್ನು ಯಾವ ಕ್ರಮದಲ್ಲಿ ಬರೆದರೂ ಕೊನೆಯ ಚಿತ್ರ ಒಂದೇ. ಲಕ್ಷಾಂತರ ತ್ರಿಕೋನಗಳನ್ನು ಕ್ಷಣಾರ್ಧದಲ್ಲಿ ಬಿಡಿಸಲು ಸಾಧ್ಯವಾಗಿರುವುದು ಈ ಸರಳ ಲೆಕ್ಕದಿಂದಲೇ.

ಪಾರದರ್ಶಕ ವಸ್ತು ಬಂದಾಗ ಈ ಲೆಕ್ಕ ತಪ್ಪುತ್ತದೆ. ಗಾಜಿನ ಮೂಲಕ ಹಿಂದಿನದೂ ಕಾಣಬೇಕಾದ್ದರಿಂದ ಹಳೆಯ ಬಣ್ಣವನ್ನು ಅಳಿಸುವಂತಿಲ್ಲ, ಹೊಸದರ ಜೊತೆ ಬೆರೆಸಬೇಕು. ಬೆರೆಸುವಾಗ ಕ್ರಮ ಮುಖ್ಯವಾಗುತ್ತದೆ. ಬಿಳಿ ಗೋಡೆಯ ಮುಂದೆ ಅರ್ಧ ಪಾರದರ್ಶಕವಾದ ಕೆಂಪು ಗಾಜು, ಅದರ ಮುಂದೆ ಅಷ್ಟೇ ಪಾರದರ್ಶಕವಾದ ನೀಲಿ ಗಾಜು ಇದೆಯೆಂದುಕೊಳ್ಳಿ. 255ರ ಅಳತೆಯಲ್ಲಿ ಅಂತಿಮ ಬಣ್ಣ ಕೆಂಪು ಸುಮಾರು 128, ಹಸಿರು 64, ನೀಲಿ 191 ಆಗಿ ನೀಲಿಯತ್ತ ವಾಲಿದ ನೇರಳೆ ಬರುತ್ತದೆ. ಗಣಕ ನೀಲಿಯನ್ನು ಮೊದಲು ಬರೆದು ಕೆಂಪನ್ನು ಆಮೇಲೆ ಬರೆದರೆ ಅಂಕಿಗಳು ತಿರುವುಮುರುವಾಗಿ ಕೆಂಪು ನೇರಳೆಯಾಗುತ್ತದೆ. ಅಂದರೆ ಕಣ್ಣಿಗೆ ಕೆಂಪು ಗಾಜೇ ಮುಂದೆ ಇದ್ದಂತೆ ತೋರುತ್ತದೆ.

ಆದ್ದರಿಂದ ಪಾರದರ್ಶಕ ವಸ್ತುಗಳನ್ನು ಮಾತ್ರ ಪ್ರತ್ಯೇಕಿಸಿ, ದೂರದ್ದನ್ನು ಮೊದಲು, ಹತ್ತಿರದ್ದನ್ನು ಕೊನೆಗೆ ಬರೆಯುವುದು ರೂಢಿ. ವೃತ್ತಿ ನಾಟಕ ಕಂಪನಿಯ ರಂಗದಲ್ಲಿ ಅರಮನೆಯ ಪರದೆ ಹಿಂದೆ, ಉದ್ಯಾನದ ಪರದೆ ಮುಂದೆ ಇಳಿಬಿಟ್ಟಂತೆ. ರಂಗಸ್ಥಳದಲ್ಲಿ ಪರದೆಗಳ ಕ್ರಮ ಗೊತ್ತಿರುತ್ತದೆ, ಪ್ರೇಕ್ಷಕ ಕುಳಿತಲ್ಲೇ ಇರುತ್ತಾನೆ. ಗಣಕದ ಲೋಕದಲ್ಲಾದರೋ ಪ್ರೇಕ್ಷಕನೇ ರಂಗದ ಮೇಲೆ ಓಡಾಡುತ್ತಾನೆ. ಸೆಕೆಂಡಿಗೆ 60 ಬಾರಿ ಕ್ರಮವನ್ನು ಹೊಸದಾಗಿ ಹಚ್ಚಬೇಕು. ಇಷ್ಟು ಅವಸರದಲ್ಲಿ ಒಂದೊಂದು ಪಿಕ್ಸೆಲ್‌ಗೂ ಕ್ರಮ ಹುಡುಕುತ್ತ ಕೂರಲಾಗದೆ, ಬಹುತೇಕ ತಂತ್ರಾಂಶಗಳು ಇಡೀ ವಸ್ತುವಿನ ಕೇಂದ್ರಬಿಂದು ಎಷ್ಟು ದೂರದಲ್ಲಿದೆ ಎಂಬುದನ್ನಷ್ಟೇ ನೋಡಿ ಸಾಲು ಹಚ್ಚುತ್ತವೆ. ತಪ್ಪಿನ ಮೂಲ ಇಲ್ಲಿದೆ.

ಕೃಷ್ಣಾ ನದಿಯ ದಡವನ್ನೇ ತೆಗೆದುಕೊಳ್ಳಬಹುದು. ಒಂದು ಕಿಲೋಮೀಟರ್ ಉದ್ದದ ನೀರನ್ನು ಒಂದೇ ಪಾರದರ್ಶಕ ಹಾಳೆಯಾಗಿ ಹಾಸಿದ್ದಾರೆ, ನೋಡುಗ ಅದರ ಒಂದು ತುದಿಯಲ್ಲಿ ನಿಂತಿದ್ದಾನೆ. ನೀರಿನ ಕೇಂದ್ರ 500 ಮೀಟರ್ ದೂರದಲ್ಲಿದೆ. 800 ಮೀಟರ್ ಆಚೆ ನೀರಿನಲ್ಲಿ ಜೊಂಡು ಬೆಳೆದಿದೆ. ಗಣಕದ ಪ್ರಕಾರ ಜೊಂಡು ದೂರ, ನೀರು ಹತ್ತಿರ. ಹಾಗಾಗಿ ಜೊಂಡನ್ನು ಮೊದಲು ಬರೆದು, ಅದರ ಮೇಲೆ ನೀರನ್ನು ಬಳಿಯುತ್ತದೆ. ಜೊಂಡಿನ ಹಿಂಬದಿಗೆ ಕಾಣಬೇಕಿದ್ದ ನೀರು ಜೊಂಡಿನ ಮುಂದೆ ಬರುತ್ತದೆ, ಜೊಂಡು ಮುಳುಗಿದಂತೆ ಕಾಣುತ್ತದೆ. ಎರಡು ಹಾಳೆಗಳನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಚುಚ್ಚಿ ಗಿಡ ಮಾಡಿದಾಗಲಂತೂ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಎರಡರ ಕೇಂದ್ರವೂ ಒಂದೇ. ಪ್ರತಿಯೊಂದು ಹಾಳೆಯ ಅರ್ಧ ಭಾಗ ಮುಂದೆ, ಅರ್ಧ ಭಾಗ ಹಿಂದೆ ಇರುವುದರಿಂದ ಸರಿಯಾದ ಕ್ರಮವೆಂಬುದೇ ಅಲ್ಲಿಲ್ಲ.

2003ರಲ್ಲಿ ಲಿಂಡನ್ ಲ್ಯಾಬ್ ಸಂಸ್ಥೆ ಸೆಕೆಂಡ್ ಲೈಫ್ ಎಂಬ ಅಂತರ್ಜಾಲ ಲೋಕವನ್ನು ತೆರೆದು, ಮನೆ-ಮರ-ಬಟ್ಟೆಗಳನ್ನು ಬಳಕೆದಾರರೇ ಕಟ್ಟಿಕೊಳ್ಳಲು ಬಿಟ್ಟಾಗ ಈ ತೊಡಕು ಪರಿಣತರ ಕೋಣೆಯಿಂದ ಜನಸಾಮಾನ್ಯರ ಪರದೆಗೆ ಬಂತು. ಅಲ್ಲಿನ ನಿರ್ಮಾಪಕರು ಕಂಡುಕೊಂಡ ಮೊದಲ ಮದ್ದು ಬಹಳ ಸರಳ. ಪಾರದರ್ಶಕತೆ ಬೇಡವಾದ ಕಡೆ ಆಲ್ಫಾ ಚಾನೆಲ್ಲೇ ಇರಬಾರದು. ಇಟ್ಟಿಗೆ ಗೋಡೆಯ ಚಿತ್ರವನ್ನು ಅಜಾಗರೂಕತೆಯಿಂದ 32 ಬಿಟ್‌ನ ಕಡತವಾಗಿ ಉಳಿಸಿದರೆ, ಅದರಲ್ಲಿ ಒಂದೇ ಒಂದು ತೂತಿಲ್ಲದಿದ್ದರೂ ವ್ಯವಸ್ಥೆ ಅದನ್ನು ಪಾರದರ್ಶಕವೆಂದು ಭಾವಿಸಿ ಸಾಲಿಗೆ ಸೇರಿಸುತ್ತಿತ್ತು. 24 ಬಿಟ್‌ನಲ್ಲಿ ಉಳಿಸಿದರೆ ಗೋಡೆ ಗೋಡೆಯಾಗಿಯೇ ನಿಲ್ಲುತ್ತಿತ್ತು. ಇಂದಿಗೂ ಹೊಸಬರ ಕೆಲಸದಲ್ಲಿ ಕಾಣುವ ದೋಷಗಳಲ್ಲಿ ಇದಕ್ಕೆ ದೊಡ್ಡ ಪಾಲಿದೆ ಎಂದರೆ ತಪ್ಪಾಗದು.

ಎರಡನೆಯ ಮದ್ದು ಹೆಚ್ಚು ಮಹತ್ವದ್ದು. ಅದನ್ನು ಅರಿಯಲು ನಮ್ಮ ತೊಗಲುಗೊಂಬೆಯನ್ನು ನೆನೆದರೆ ಸಾಕು. ಗೊಂಬೆಯ ಚರ್ಮದಲ್ಲಿ ಬೆಳಕು ಎರಡು ಬಗೆಯಲ್ಲಿ ಹಾಯುತ್ತದೆ. ಒಡವೆ, ಸೆರಗಿನ ಅಂಚುಗಳಲ್ಲಿ ಉಳಿಯಿಂದ ಕೊರೆದ ತೂತುಗಳಿವೆ. ಅಲ್ಲಿ ಬೆಳಕು ಪೂರ್ತಿ ಹಾಯುತ್ತದೆ. ಉಳಿದೆಡೆ ಹದ ಮಾಡಿ ಬಣ್ಣ ಹಚ್ಚಿದ ಚರ್ಮವಿದೆ. ಅಲ್ಲಿ ಬೆಳಕು ಅರೆಬರೆ ಹಾಯುತ್ತದೆ. ಗಣಕದ ಭಾಷೆಯಲ್ಲಿ ಮೊದಲನೆಯದು ಆಲ್ಫಾ ಮಾಸ್ಕ್, ಎರಡನೆಯದು ಆಲ್ಫಾ ಬ್ಲೆಂಡ್. ತೂತಿನ ವಿಷಯದಲ್ಲಿ ಪಿಕ್ಸೆಲ್ ಒಂದೋ ಇದೆ, ಇಲ್ಲವೋ ಇಲ್ಲ. ಇದ್ದರೆ ಆಳದ ಪಟ್ಟಿಯಲ್ಲಿ ದಾಖಲಾಗುತ್ತದೆ, ಇಲ್ಲದಿದ್ದರೆ ಏನನ್ನೂ ಬರೆಯದೆ ಬಿಡಲಾಗುತ್ತದೆ. ಬೆರೆಸುವ ಪ್ರಶ್ನೆಯೇ ಇಲ್ಲದ ಕಾರಣ ಕ್ರಮವೂ ಬೇಕಿಲ್ಲ. ಕಬ್ಬಿನ ಸೋಗೆ, ಬೇಲಿ, ಮೀನು ಬಲೆ, ಕಿಟಕಿಯ ಸರಳು, ಇವೆಲ್ಲ ತೂತಿನ ಜಾತಿಗೆ ಸೇರಿದವು. ಗಾಜು, ನೀರು, ಹೊಗೆ, ತೆಳುಸೀರೆ ಮಾತ್ರ ನಿಜವಾದ ಅರೆಪಾರದರ್ಶಕಗಳು. ಹಳ್ಳಿಯೊಂದರ ಚಿತ್ರಣದಲ್ಲಿ ಪಾರದರ್ಶಕವೆಂದು ಗುರುತಿಸಿದ ಹೊದಿಕೆಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಅವುಗಳಲ್ಲಿ ಹೆಚ್ಚಿನವು ಬರಿಯ ತೂತುಗಳೇ ಎಂಬುದು ಗೊತ್ತಾಗುತ್ತದೆ.

ಸೆಕೆಂಡ್ ಲೈಫ್‌ನಲ್ಲಿ ಈ ಆಯ್ಕೆಯನ್ನು ನಿರ್ಮಾಪಕರ ಕೈಗೆ ಕೊಟ್ಟಿದ್ದು 2013ರಲ್ಲಿ. ಈಗ ಎಲ್ಲೆಡೆ ಬಳಕೆಯಲ್ಲಿರುವ ಜಿಎಲ್‌ಟಿಎಫ್ ಎಂಬ ಮೂರು ಆಯಾಮದ ಕಡತಮಾದರಿಯ ಎರಡನೆಯ ಆವೃತ್ತಿಯಲ್ಲಿ ಪ್ರತಿಯೊಂದು ಹೊದಿಕೆಗೂ ಅಪಾರದರ್ಶಕ, ಮಾಸ್ಕ್, ಬ್ಲೆಂಡ್ ಎಂಬ ಮೂರರಲ್ಲಿ ಒಂದು ಗುರುತು ಇರುತ್ತದೆ. ಮಾಸ್ಕ್‌ಗೆ 0.5 ಎಂಬ ಗಡಿರೇಖೆ ತಾನಾಗಿಯೇ ಇರುತ್ತದೆ. ಆಲ್ಫಾ ಅದಕ್ಕಿಂತ ಕಡಿಮೆಯಿದ್ದ ಪಿಕ್ಸೆಲ್ ಇಲ್ಲವೆಂದೇ ಲೆಕ್ಕ. ಉಚಿತವಾಗಿ ದೊರೆಯುವ ಗೊಡಾಟ್ ತಂತ್ರಾಂಶದಲ್ಲಿ ಇದನ್ನೇ ಆಲ್ಫಾ ಸಿಜರ್ ಎನ್ನುತ್ತಾರೆ, ಅಂದರೆ ಕತ್ತರಿ. ಹೆಸರು ಬಹಳ ಒಪ್ಪುತ್ತದೆ.

ಇದೆಲ್ಲ ಆಟ ಕಟ್ಟುವವರ ತಾಪತ್ರಯ, ಸುದ್ದಿ ಓದುಗರಿಗೇನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಭಾರತೀಯ ಡಿಜಿಟಲ್ ಪರಂಪರೆ ಯೋಜನೆಯಡಿ ಹಂಪಿಯನ್ನು ಗಣಕಕ್ಕೆ ಇಳಿಸುವ ಕೆಲಸ ಕಳೆದ ದಶಕದಲ್ಲಿ ನಡೆಯಿತು. ದೆಹಲಿ ಐಐಟಿ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಮೊದಲಾದವುಗಳ ಜೊತೆ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೂ ಅದರಲ್ಲಿ ಪಾಲುಗೊಂಡಿತು. ಆ ಸಂಶೋಧನೆಗಳ ಸಂಗ್ರಹ ‘ಡಿಜಿಟಲ್ ಹಂಪಿ’ ಎಂಬ ಹೆಸರಿನಲ್ಲಿ 2017ರಲ್ಲಿ ಪುಸ್ತಕವಾಗಿ ಬಂದಿದೆ. ಸ್ಮಾರಕಗಳನ್ನು ಹೀಗೆ ಕಟ್ಟಿಡುವವರಿಗೆ ಜಾಲಂಧ್ರ ಎದುರಾಗದೆ ಇರದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಗೋಡೆಗಳಲ್ಲಿ ಕೊರೆದ ಕಲ್ಲಿನ ಕಿಟಕಿಗಳಿವೆ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಎರಡನೆಯ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು ಕೂರಿಸಲಾಯಿತು.

ಅಂತಹ ಒಂದು ಕಿಟಕಿಯ ಪ್ರತಿಯೊಂದು ತೂತನ್ನೂ ತ್ರಿಕೋನಗಳಲ್ಲಿ ಕಟ್ಟಿದರೆ ಕಡತ ಭಾರವಾಗಿ ಸಾಮಾನ್ಯರ ಮೊಬೈಲ್‌ನಲ್ಲಿ ತೆರೆಯುವುದೇ ಇಲ್ಲ. ಆಗ ಕಿಟಕಿಯ ಛಾಯಾಚಿತ್ರ ಹೊದಿಸಿದ ಚಪ್ಪಟೆ ಹಾಳೆಯ ಮೊರೆ ಹೋಗುತ್ತಾರೆ. ಗುರುತು ತಪ್ಪಿ ಅದು ಬ್ಲೆಂಡ್ ಆದರೆ, ಎದುರುಬದುರು ಗೋಡೆಗಳ ಎರಡು ಕಿಟಕಿಗಳು ಒಂದರ ಮೇಲೊಂದು ಬಂದಾಗ ಆಚೆಯದು ಈಚೆಗೆ ನುಗ್ಗುತ್ತದೆ. ಆಳದ ಪಟ್ಟಿಯಲ್ಲಿ ಇಡೀ ಹಾಳೆ ದಾಖಲಾದರೆ ಕಿಟಕಿಯ ಹಿಂದಿನ ಕಂಬವೋ ಮೂರ್ತಿಯೋ ಕಾಣದೇ ಹೋಗುತ್ತದೆ. ಆಟದಲ್ಲಾದರೆ ನಕ್ಕು ಬಿಡಬಹುದು. ಬೇಲೂರನ್ನು ಎಂದೂ ನೋಡದ, ತರಗತಿಯ ಪರದೆಯಲ್ಲಷ್ಟೇ ನೋಡುವ ಮಗುವಿಗೆ ಅಲ್ಲಿ ಕಂಬವಿಲ್ಲ ಎಂಬುದೇ ಸತ್ಯವಾಗಿ ಉಳಿಯುತ್ತದೆ. ದಾಖಲೆಯೆಂದು ಕರೆದುಕೊಳ್ಳುವ ಕೆಲಸದಲ್ಲಿ ಇದನ್ನು ಸಣ್ಣ ಲೋಪವೆಂದು ತಳ್ಳಿಹಾಕುವಂತಿಲ್ಲ.

ಇನ್ನೊಂದು ಕಾರಣ ಉದ್ಯೋಗದ್ದು. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಸಂಸ್ಥೆಯ ಕಾಲದಿಂದಲೂ ವಿದೇಶಿ ಆಟಗಳಿಗೆ ಮೂರು ಆಯಾಮದ ವಸ್ತುಗಳನ್ನು ಮಾಡಿಕೊಡುವ ಕೆಲಸ ರಾಜ್ಯದಲ್ಲಿ ಬೆಳೆದುಬಂದಿದೆ. ಆನಿಮೇಷನ್ ಮತ್ತು ಆಟಗಳಿಗೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿಯೊಂದನ್ನು ರೂಪಿಸಿತ್ತು, 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಹುಡುಗ ಹುಡುಗಿಯರು ಈ ವೃತ್ತಿಗೆ ಬರಬೇಕಾದರೆ ಉಚಿತ ತಂತ್ರಾಂಶ ಮತ್ತು ಸಾಧಾರಣ ಯಂತ್ರದಲ್ಲೇ ಕಲಿಯಬೇಕು. ಇಂತಹ ಮೂಲ ತೊಡಕುಗಳನ್ನು ಕನ್ನಡದಲ್ಲಿ ವಿವರಿಸುವ ಬರಹಗಳಾದರೋ ವಿರಳ.

ಮತ್ತೆ ಕಬ್ಬಿನ ಗದ್ದೆಗೆ. ಮಾಸ್ಕ್ ಹಾಕಿದೊಡನೆ ಸಾಲುಗಳ ಕಣ್ಣಾಮುಚ್ಚಾಲೆ ನಿಲ್ಲುತ್ತದೆ, ಆದರೆ ಎರಡು ಹೊಸ ಉಪದ್ರವಗಳು ತಲೆ ಎತ್ತುತ್ತವೆ. ಒಂದು, ಎಲೆಯ ಅಂಚಿನ ಬಿಳಿಗೆರೆ. ಕಣ್ಣಿಗೆ ಕಾಣದ ಪಾರದರ್ಶಕ ಪಿಕ್ಸೆಲ್‌ಗೂ ಕಡತದಲ್ಲಿ ಒಂದು ಬಣ್ಣ ಇರುತ್ತದೆ, ಅನೇಕ ವೇಳೆ ಅದು ಬಿಳಿಯೇ. ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವಾಗ ಗಣಕ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುವುದರಿಂದ ಆ ಬಿಳುಪು ಹಸಿರಿನೊಳಗೆ ಇಳಿಯುತ್ತದೆ. ಆಲ್ಫಾ ಹಾಗೆಯೇ ಇರಲಿ, ಎಲೆಯ ಹಸಿರನ್ನು ಮಾತ್ರ ಅಂಚಿನಾಚೆಗೂ ಹರಡಿದರೆ ಈ ಗೆರೆ ಹೋಗುತ್ತದೆ. ಜಿಂಪ್‌ನಂತಹ ಉಚಿತ ತಂತ್ರಾಂಶದಲ್ಲೂ ಕೆಲವೇ ನಿಮಿಷಗಳ ಕೆಲಸ.

ಎರಡನೆಯದು ಹೆಚ್ಚು ಮೋಸದ್ದು. ದೂರದ ವಸ್ತುಗಳಿಗೆ ಗಣಕ ಅದೇ ಚಿತ್ರದ ಕಿರಿದಾದ ಪ್ರತಿಗಳನ್ನು ಬಳಸುತ್ತದೆ. ಅವನ್ನು ಮಿಪ್‌ಮ್ಯಾಪ್ ಎನ್ನುತ್ತಾರೆ. ಒಂದು ಪಿಕ್ಸೆಲ್ ಅಗಲದ ಸೋಗೆಯ ತುದಿ ಪಕ್ಕದ ಖಾಲಿ ಜಾಗದೊಡನೆ ಬೆರೆತು ಮೊದಲ ಕಿರುಪ್ರತಿಯಲ್ಲಿ ಆಲ್ಫಾ 0.5 ಆಗುತ್ತದೆ. ಅದರ ಮುಂದಿನದರಲ್ಲಿ 0.25. ಗಡಿ 0.5 ಇರುವಾಗ ಎಲೆ ಇಲ್ಲವೇ ಇಲ್ಲ. ಹತ್ತಿರದ ಕಬ್ಬು ಸೊಂಪಾಗಿದ್ದರೂ 200 ಮೀಟರ್ ಆಚೆಯ ಗದ್ದೆ ಕಟಾವು ಮುಗಿದಂತೆ ಬೋಳಾಗುತ್ತದೆ, ನಡೆದು ಹತ್ತಿರ ಹೋದರೆ ಮತ್ತೆ ಚಿಗುರುತ್ತದೆ. ‘ದಿ ವಿಟ್ನೆಸ್’ ಎಂಬ ಆಟದ ನಿರ್ಮಾಣದಲ್ಲಿದ್ದ ಇಗ್ನಾಸಿಯೋ ಕಸ್ತಾನ್ಯೋ 2010ರಲ್ಲಿ ಇದಕ್ಕೊಂದು ಪರಿಹಾರ ವಿವರಿಸಿದರು. ಮೂಲ ಚಿತ್ರದಲ್ಲಿ ನೂರಕ್ಕೆ ಎಷ್ಟು ಭಾಗ ಎಲೆ ಇದೆಯೋ ಪ್ರತಿಯೊಂದು ಕಿರುಪ್ರತಿಯಲ್ಲೂ ಅಷ್ಟೇ ಉಳಿಯುವಂತೆ ಆಲ್ಫಾವನ್ನು ಹಿಗ್ಗಿಸುವುದು ಅದರ ಸಾರ. ಯೂನಿಟಿ ತಂತ್ರಾಂಶದಲ್ಲಿ ಈಗ ಇದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು.

ಕಬ್ಬಿನ ಮಟ್ಟಿಗಾದರೆ ಇದೆಲ್ಲಕ್ಕಿಂತ ನೇರವಾದ ದಾರಿಯೊಂದಿದೆ, ಪಾರದರ್ಶಕತೆಯನ್ನೇ ಕೈಬಿಡುವುದು. ಬೇವು, ಹುಣಸೆಯಂತೆ ಕಬ್ಬಿಗೆ ಸಾವಿರ ಪುಟ್ಟ ಎಲೆಗಳಿಲ್ಲ. ಉದ್ದನೆಯ, ತುದಿ ಚೂಪಾದ ಪಟ್ಟಿಯಂತಹ ಸೋಗೆಯನ್ನು ಐದಾರು ತ್ರಿಕೋನಗಳಲ್ಲಿ ನೇರವಾಗಿಯೇ ಕಟ್ಟಬಹುದು. ಒಣಗಿ ಜೋತ ರವದಿಗೂ ಅದೇ ಪಟ್ಟಿಯನ್ನು ಬಾಗಿಸಿ ಬಣ್ಣ ಬದಲಿಸಿದರಾಯಿತು. ತೂತೇ ಇಲ್ಲದ ಮೇಲೆ ಆಲ್ಫಾ ಬೇಕಿಲ್ಲ, ಬಿಳಿಗೆರೆಯಿಲ್ಲ, ದೂರದಲ್ಲಿ ಬೋಳಾಗುವುದೂ ಇಲ್ಲ. ಮೊಬೈಲ್‌ಗಳಿಗೆ ಇದು ಇನ್ನೂ ಲೇಸು. ಹತ್ತು ಪಾರದರ್ಶಕ ಹಾಳೆಗಳು ಒಂದರ ಹಿಂದೊಂದು ನಿಂತರೆ ಒಂದೇ ಪಿಕ್ಸೆಲ್‌ಗೆ ಹತ್ತು ಬಾರಿ ಬಣ್ಣ ಬಳಿಯಬೇಕು, ಅದರಲ್ಲಿ ಬಹುಪಾಲು ಖಾಲಿ ಜಾಗವನ್ನೇ. ಫೋನು ಬಿಸಿಯಾಗುವುದು, ಬ್ಯಾಟರಿ ಇಳಿಯುವುದು ಇದರಿಂದಲೇ. ಮಾಸ್ಕ್ ಕೂಡ ಅನೇಕ ಮೊಬೈಲ್ ಚಿಪ್‌ಗಳಲ್ಲಿ ಅಗ್ಗವಲ್ಲ. ಪಿಕ್ಸೆಲ್ ಉಳಿಯುತ್ತದೋ ಇಲ್ಲವೋ ಎಂಬುದು ಬಣ್ಣ ಹಚ್ಚುವ ಹಂತದವರೆಗೆ ಗೊತ್ತಾಗದ ಕಾರಣ, ಮರೆಯಾದುದನ್ನು ಮೊದಲೇ ಬಿಟ್ಟುಬಿಡುವ ಅವುಗಳ ಜಾಣ್ಮೆ ಕೆಲಸಕ್ಕೆ ಬಾರದಾಗುತ್ತದೆ. ಮರಗಳಂತೆ ಹಾಳೆ ಬಳಸಲೇಬೇಕಾದ ಕಡೆ ಚೌಕಾಕಾರದ ಹಾಳೆಯ ಬದಲು ರೆಂಬೆಯ ಆಕಾರಕ್ಕೆ ಹತ್ತಿರವಾಗಿ ಕತ್ತರಿಸಿದ ಹಾಳೆ ಇಟ್ಟರೂ ವ್ಯರ್ಥ ಖಾಲಿ ಜಾಗ ಸಾಕಷ್ಟು ತಗ್ಗುತ್ತದೆ.

ಉಳಿಯುವುದು ನದಿಯ ನೀರು ಮತ್ತು ಗಾಜು. ಇಲ್ಲಿ ಬ್ಲೆಂಡ್ ಅನಿವಾರ್ಯ, ಕ್ರಮವನ್ನು ಕೈಯಾರೆ ತಿದ್ದಬೇಕು. ಜೊಂಡಿಗೆ ಮಾಸ್ಕ್ ಹಾಕಿದೊಡನೆ ಅದು ಆಳದ ಪಟ್ಟಿಯಲ್ಲಿ ದಾಖಲಾಗಿ ನೀರಿನ ಹಾವಳಿಯಿಂದ ಪಾರಾಗುತ್ತದೆ. ಪರಸ್ಪರ ಚುಚ್ಚಿಕೊಂಡ ಗಾಜುಗಳನ್ನು ಅವು ಸಂಧಿಸುವ ಗೆರೆಯಲ್ಲೇ ಕತ್ತರಿಸಿ ನಾಲ್ಕು ತುಂಡು ಮಾಡಿದರೆ ಪ್ರತಿಯೊಂದಕ್ಕೂ ತನ್ನದೇ ಕೇಂದ್ರ ಸಿಗುತ್ತದೆ. ಒಂದೇ ವಸ್ತುವಿನೊಳಗೆ ಹಲವು ಗಾಜಿನ ಪದರಗಳಿದ್ದರೆ, ತ್ರಿಕೋನಗಳನ್ನು ಪಟ್ಟಿಯಲ್ಲಿ ಒಳಗಿನಿಂದ ಹೊರಕ್ಕೆ ಜೋಡಿಸಬೇಕು. ಒಂದೇ ವಸ್ತುವಿನ ತ್ರಿಕೋನಗಳನ್ನು ಗಣಕ ಪಟ್ಟಿಯಲ್ಲಿರುವ ಕ್ರಮದಲ್ಲೇ ಬರೆಯುತ್ತದೆ. ಯಾವುದು ಮೊದಲು ಎಂದು ಸಂಖ್ಯೆ ಕೊಟ್ಟು ಹೇಳುವ ಸೌಲಭ್ಯ ಯೂನಿಟಿ, ಗೊಡಾಟ್ ಎರಡರಲ್ಲೂ ಇದೆ. ಆದರೆ ಸಂಖ್ಯೆ ಒಮ್ಮೆ ಕೊಟ್ಟರೆ ಎಲ್ಲ ಕೋನಕ್ಕೂ ಅದೇ. ಎದುರಿನಿಂದ ಸರಿ ಕಂಡದ್ದು ಹಿಂಬದಿಯಿಂದ ತಪ್ಪಾಗಬಹುದು. ಒಂದೇ ದಿಕ್ಕಿನಿಂದ ನೋಡುವ ಅಂಗಡಿಯ ಗಾಜಿಗೆ ಇದು ಸಾಕು, ಸುತ್ತ ತಿರುಗಾಡಿ ನೋಡುವ ಮಂಟಪಕ್ಕೆ ಸಾಲದು.

ಕ್ರಮದ ಗೊಡವೆಯಿಲ್ಲದೆಯೇ ಪಾರದರ್ಶಕತೆ ತೋರಿಸುವ ಪ್ರಯತ್ನಗಳೂ ನಡೆದಿವೆ. 2001ರಲ್ಲಿ ಎನ್‌ವಿಡಿಯಾದ ಕ್ಯಾಸ್ ಎವರಿಟ್ ಈರುಳ್ಳಿ ಸುಲಿದಂತೆ ದೃಶ್ಯವನ್ನು ಪದರ ಪದರವಾಗಿ ಬಿಡಿಸುವ ವಿಧಾನ ವಿವರಿಸಿದರು. ಫಲಿತಾಂಶ ನಿಖರ, ಆದರೆ ಎಷ್ಟು ಪದರವೋ ಅಷ್ಟು ಬಾರಿ ದೃಶ್ಯವನ್ನು ಮರಳಿ ಬಿಡಿಸಬೇಕು. 2013ರಲ್ಲಿ ಮಾರ್ಗನ್ ಮೆಕ್‌ಗ್ವೈರ್ ಮತ್ತು ಲೂಯಿ ಬವೊಯಿಲ್ ದೂರಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯುವ ಅಂದಾಜಿನ ಉಪಾಯ ತಂದರು. ಹೊಗೆ, ಮಂಜಿಗೆ ಅದು ಚೆನ್ನ. ಬಣ್ಣದ ಗಾಜುಗಳಲ್ಲಿ ಮಾತ್ರ ಯಾವುದು ಮುಂದೆಂಬ ಸ್ಪಷ್ಟತೆ ಕಳೆದುಹೋಗುತ್ತದೆ. ಮೂರನೆಯದು ಚುಕ್ಕೆಗಳ ಉಪಾಯ. ಅರ್ಧ ಪಾರದರ್ಶಕವೆಂದರೆ ಅರ್ಧದಷ್ಟು ಪಿಕ್ಸೆಲ್‌ಗಳನ್ನು ಪೂರ್ತಿ ಬರೆದು ಉಳಿದರ್ಧವನ್ನು ಬಿಡುವುದು. ಹಳೆಯ ಪತ್ರಿಕೆಗಳ ಚಿತ್ರಗಳಲ್ಲಿ ಚುಕ್ಕೆಗಳಿಂದ ಬೂದುಬಣ್ಣ ಬರುತ್ತಿದ್ದಂತೆ. 2024ರ ಜುಲೈಯಲ್ಲಿ ಬಂದ ಬ್ಲೆಂಡರ್ 4.2 ಆವೃತ್ತಿಯ ಹೊಸ ಈವೀ ವ್ಯವಸ್ಥೆ ಡಿದರ್ಡ್ ಎಂಬ ಹೆಸರಿನಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಇರಿಸಿಕೊಂಡಿದೆ. ಸ್ಥಿರಚಿತ್ರದಲ್ಲಿ ನೂರಾರು ಬಾರಿ ಸರಾಸರಿ ತೆಗೆದಾಗ ಚುಕ್ಕೆಗಳು ಕರಗಿ ಹೋಗುತ್ತವೆ. ಓಡುವ ದೃಶ್ಯದಲ್ಲಿ ಸಣ್ಣ ಮಿನುಗು ಉಳಿಯುತ್ತದೆ.

ಯಾವ ಉಪಾಯ ಹೂಡಿದರೂ ಕೆಲಸ ಮುಗಿದ ಬಳಿಕ ಕ್ಯಾಮೆರಾವನ್ನು ವಸ್ತುವಿನ ಸುತ್ತ ನಿಧಾನವಾಗಿ ಒಂದು ಪೂರ್ಣ ಸುತ್ತು ತಿರುಗಿಸಿ ನೋಡುವುದು ಲೇಸು. ಕ್ರಮದ ದೋಷ ಸಾಮಾನ್ಯವಾಗಿ ಒಂದೆರಡು ಕೋನಗಳಲ್ಲಿ ಮಾತ್ರ ಹೊರಬೀಳುತ್ತದೆ. ನೋಟ ಥಟ್ಟನೆ ಮಗುಚಿಕೊಳ್ಳುವ ಆ ಕೋನದಲ್ಲಿ ನಿಂತು ಯಾವ ಎರಡು ಹಾಳೆಗಳು ಸ್ಥಾನ ಬದಲಿಸಿದವೆಂದು ಗುರುತಿಸಿದರೆ, ತಿದ್ದಬೇಕಾದುದು ಅವೆರಡನ್ನೇ. ಇಡೀ ಗದ್ದೆಯನ್ನು ಅಳಿಸಿ ಮತ್ತೆ ನೆಡಬೇಕಾಗಿಲ್ಲ.